ಎಳೆಯರ ಭಾವವೂ ಮನೆಯ ಮಾತೂ

ನಾಗಮಂಗಲದ ಕಡೆಯಾಗಲಿ, ಪಾಂಡವಪುರ ಕೃಷ್ಣರಾಜಪೇಟೆಗಳ ಕಡೆಯಾಗಲಿ, ಮನೆಮನೆಯಲ್ಲಿಯೂ ಕಾಣಬರುವ ನೋಟವೊಂದುಂಟು. ಆಗತಾನೆ ನಡೆ ಕಲಿತ ಕೂಸು ಹೊಸಿಲನ್ನೆಡವಿ ಬೀಳುವುದು, ಅಜ್ಜಿಯು ಓಡಿಬಂದು ಹೊಸಿಲಿಗೆ ಎರಡೇಟು ಹಾಕಿ, “ನಮ್ಮ ಕಂದನನ್ನು ಬೀಳಿಸ್ತೀಯಾ? ತಗೋ!” ಎನ್ನುವಳು, ಕೂಸು ಕಣ್ಣೀರಿನ ನಡುವೆಯೇ ನಗುವುದು. ಇದರಲ್ಲಿ ದೋಷವನ್ನೆಣಿಸುವುದು ಕಠೋರವೆಂದು ತೋರೀತು. ಆದರೆ ಆ ಕ್ಷಣದಲ್ಲಿ ಕೂಸಿಗೆ ದೊರೆತ ಪಾಠವಾವುದು? ನೋವಾದಲ್ಲಿ ಅಪರಾಧಿಯೊಬ್ಬನು ಇರಲೇಬೇಕು, ಅವನನ್ನು ಹೊಡೆದರೆ ನೋವು ಶಮನವಾಗುವುದು ಎಂಬುದಷ್ಟೆ. ಎರಡು ವರ್ಷ ಕಳೆದು ಅದೇ ಬಾಲಕನು, ತಾನು ಕಟ್ಟಿದ ಮರಳಿನ ಗುಡಿ ಕುಸಿದುದಕ್ಕಾಗಿ ಪಕ್ಕದಲ್ಲಿದ್ದ ತಂಗಿಯ ಬೆನ್ನಿಗೆ ಗುದ್ದಿದರೆ, ಇವನಿಗೆ ಈ ಬುದ್ಧಿ ಎಲ್ಲಿಂದ ಬಂದಿತೆಂದು ಹಿರಿಯರು ಬೆರಗಾಗುವರು!

ಭರತಮುನಿಯು ನಾಟ್ಯಶಾಸ್ತ್ರದಲ್ಲಿ 8 ಸ್ಥಾಯಿಭಾವಗಳನ್ನೂ 33 ವ್ಯಭಿಚಾರಿಭಾವಗಳನ್ನೂ ಹೆಸರಿಸಿರುವನು. ಅವೆಲ್ಲವೂ ಮೂರು ವರ್ಷದ ಕೂಸಿನ ಎದೆಯಲ್ಲಿಯೂ ಸುಳಿಯುತ್ತವೆಯೋ ಏನೋ. ಆದರೆ ಅದರ ಕಿವಿಗೆ ಬೀಳುವುದು ಮಾತ್ರ “ಅಳಬೇಡ”, “ಏನೂ ಆಗಿಲ್ಲ, ಏಳು” ಎಂಬೆರಡೇ ಮಾತು. ಇಂಗ್ಲೆಂಡಿನಲ್ಲಿ ಜೂಡಿ ಡನ್ ಎಂಬ ವಿದುಷಿಯೂ ಆಕೆಯ ಸಹೋದ್ಯೋಗಿಗಳೂ 1991ರಲ್ಲಿ ಪ್ರಕಟಿಸಿದ ಶೋಧನೆಯೊಂದರಂತೆ, ಮೂರರ ವಯಸ್ಸಿನಲ್ಲಿ ಮನೆಯವರೊಡನೆ ಸುಖದುಃಖಗಳನ್ನು ಕುರಿತು ಹೆಚ್ಚಾಗಿ ಮಾತಾಡಿದ ಮಕ್ಕಳು ಆರರ ವಯಸ್ಸಿನಲ್ಲಿ ಅನ್ಯರ ಭಾವವನ್ನು ಚೆನ್ನಾಗಿ ಗ್ರಹಿಸಿದರು.

ಈ ವಿಷಯದಲ್ಲಿ ಕನ್ನಡದ ತಾಯಂದಿರು ಭಾಗ್ಯವಂತರು. “ನಿನಗೆ ಕೋಪ ಬಂದಿದೆ”, “ದಿಗಿಲಾಯಿತೆ?” ಎಂದು ನಮ್ಮ ನುಡಿಯ ರೀತಿ. ಕೋಪವು ಬಂದುದು, ಬಂದುದು ಹೋಗಲೂಬಲ್ಲುದು. ಕೂಸು ಬೇರೆ, ಕೋಪ ಬೇರೆ. ಇಂತಹ ಸೊಗಸಾದ ವ್ಯಾಕರಣವನ್ನು ಕೈಯಲ್ಲಿಟ್ಟುಕೊಂಡು “ಇವನೊಬ್ಬ ಸಿಡುಕ”, “ಇವಳು ಹೊಟ್ಟೆಕಿಚ್ಚಿನವಳು” ಎಂದು ಎಳೆಯರ ನೆತ್ತಿಗೆ ಬಿರುದು ಕಟ್ಟುವುದು ಅನ್ಯಾಯವಲ್ಲವೆ?

ಸಂತೈಸುವುದಕ್ಕಾಗಿ ಸುಳ್ಳಾಡಬಹುದೆಂದು ಕೆಲವರು ವಾದಿಸುವರು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ತಂದೆಯ ಅಸ್ಥಿವಿಸರ್ಜನೆಯನ್ನು ಮುಗಿಸಿದವರೊಡನೆ ಮನೆಗೆ ಮರಳಿದ ಮಗಳೊಬ್ಬಳನ್ನು ನೆನೆಯಿರಿ. “ಯಾಕಮ್ಮಾ ಅಳ್ತೀಯ?” ಎಂದು ಅವಳ ಕೂಸು ಕೇಳುವುದು. “ಕಣ್ಣಿಗೆ ಕಸ ಬಿತ್ತು” ಎಂಬ ಉತ್ತರವು ಕನಿಕರದಿಂದಲೇ ಹುಟ್ಟಿದುದು, ನಿಜ. ಆದರೆ ಕೂಸು ತಾಯಿಯ ಮುಖವನ್ನು ಕಂಡಿದೆ. ಇನ್ನು ಅದು ತನ್ನ ಕಣ್ಣನ್ನು ನಂಬಬೇಕೋ, ತಾಯಿಯ ಮಾತನ್ನೋ? “ತಾತನ ನೆನಪಾಗಿ ದುಃಖ ಬಂದಿದೆ, ಕಂದಾ” ಎಂದರೆ ಅದೇನೂ ಬೆದರದು. ಅವಳ ಸೆರಗಿನ ತುದಿಯನ್ನೇ ಹಿಡಿದು ಕಣ್ಣೊರೆಸಲು ಬಂದೀತು.