‘ಆದರೂ’ ಎಂಬ ಮಾತು

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮೂರು ದಿನದೊಳಗೆ ಫ್ಲೆಕ್ಸ್ ಏಳುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಊರಿನ ಬಸ್ ನಿಲ್ದಾಣದ ಎದುರು ನಿಂತರೂ ಒಂದೆರಡು ಕಣ್ಣಿಗೆ ಬೀಳುತ್ತವೆ. ಗಂಡಸರದಾದರೆ ‘ಖ್ಯಾತ ವ್ಯಾಪಾರಸ್ಥರು, ಕೊಡುಗೈ ದಾನಿಗಳು’ ಎಂದು ಮುಗಿದುಹೋಗುತ್ತದೆ. ವ್ಯಾಪಾರ ಮಾಡಿದ ಹೆಣ್ಣುಮಗಳದಾದರೆ ಸಾಲು ಸ್ವಲ್ಪ ಉದ್ದವಾಗುತ್ತದೆ: ಆದರ್ಶ ಗೃಹಿಣಿ, ಯಶಸ್ವಿ ಉದ್ಯಮಿ, ಸಮಾಜ ಸೇವಕಿ. ಹೆಚ್ಚಾಗಿ ಇದೇ ಕ್ರಮ. ಮನೆ ಮೊದಲು, ಸಮಾಜ ಕೊನೆಗೆ, ನಡುವೆ ವ್ಯಾಪಾರ, ಇಬ್ಬರು ಪೊಲೀಸರ ನಡುವೆ ನಡೆದು ಹೋಗುವ ಆಸಾಮಿಯ ಹಾಗೆ.

ನುಡಿನಮನದ ಸಭೆಯಲ್ಲಿ ಈ ಮೂರು ಪದಗಳನ್ನು ಜೋಡಿಸುವ ದಾರ ಒಂದೇ: ‘ಆದರೂ’. ಇಷ್ಟು ದೊಡ್ಡ ವ್ಯವಹಾರ ಮಾಡಿದರೂ ಮನೆ ಬಿಡಲಿಲ್ಲ. ರೊಕ್ಕ ಗಳಿಸಿದರೂ ಸಮಾಜ ಮರೆಯಲಿಲ್ಲ. ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಕೇಳುವವರು ತಲೆಯಾಡಿಸುತ್ತಾರೆ. ನಾನೂ ಆಡಿಸಿದ್ದೇನೆ. ಆದರೆ ಆ ಪದವನ್ನು ಸ್ವಲ್ಪ ಬಿಡಿಸಿ ನೋಡಿದರೆ ಒಳಗೆ ಒಂದು ತೀರ್ಪು ಇದೆ. ವ್ಯಾಪಾರ ಎಂದರೆ ಮನೆಗೂ ಊರಿಗೂ ಎದುರು ನಿಂತ ಕೆಲಸ, ಹೆಣ್ಣಿಗಂತೂ ಅದು ಮನ್ನಿಸಬೇಕಾದ ಸಂಗತಿ, ಮನೆ ನೋಡಿಕೊಂಡದ್ದಕ್ಕೆ ಮತ್ತು ದಾನ ಮಾಡಿದ್ದಕ್ಕೆ ಆ ತಪ್ಪು ಮಾಫಿಯಾಗಿದೆ ಎಂಬ ತೀರ್ಪು. ಒಬ್ಬ ವ್ಯಕ್ತಿ ಮೂವತ್ತು ವರ್ಷ ಮಾಡಿದ ಕೆಲಸವನ್ನು ನಾವು ಹೊಗಳುತ್ತಿದ್ದೇವೋ, ಕ್ಷಮಿಸುತ್ತಿದ್ದೇವೋ?

ಬೇರೆ ಎಲ್ಲಿ ಕೇಳಿದರೂ ಇದೊಂದು ಸಾಧಾರಣ ಪ್ರಶ್ನೆ. ಈ ನಾಲ್ಕು ತಾಲ್ಲೂಕುಗಳಲ್ಲಿ ನಿಂತು ಕೇಳುವಾಗ ಮಾತ್ರ ಕೊಂಚ ಮುಜುಗರವಾಗುತ್ತದೆ. ದುಡಿಮೆಗೆ ಯಾರ ಕ್ಷಮೆಯೂ ಬೇಕಿಲ್ಲ ಎಂದು 12ನೆಯ ಶತಮಾನದಲ್ಲೇ ಹೇಳಿದವರ ನೆಲ ಇದು. ಬಸವಣ್ಣ ಹುಟ್ಟಿದ್ದು ಬಾಗೇವಾಡಿಯಲ್ಲಿ. ಮಡಿವಾಳ ಮಾಚಯ್ಯನ ಊರು ದೇವರ ಹಿಪ್ಪರಗಿ, ಮೊನ್ನೆ ಮೊನ್ನೆಯವರೆಗೆ ಸಿಂದಗಿ ತಾಲ್ಲೂಕಿನಲ್ಲಿತ್ತು. ನೀಲಾಂಬಿಕೆ ಐಕ್ಯಳಾದಳು ಎನ್ನುವ ತಂಗಡಗಿ ಮುದ್ದೇಬಿಹಾಳದ ಕಡೆ ಕೃಷ್ಣೆಯ ದಂಡೆಯ ಮೇಲಿದೆ. ಆ ಕಾಲದ ಶರಣೆಯರ ಹೆಸರುಗಳನ್ನು ಒಮ್ಮೆ ಸುಮ್ಮನೆ ಉಚ್ಚರಿಸಿ ನೋಡಿ: ಕದಿರೆ ರೆಮ್ಮವ್ವೆ, ಕೊಟ್ಟಣದ ಸೋಮವ್ವೆ, ಆಯ್ದಕ್ಕಿ ಲಕ್ಕಮ್ಮ. ಒಬ್ಬಳು ನೂಲುವವಳು, ಒಬ್ಬಳು ಭತ್ತ ಕುಟ್ಟುವವಳು, ಒಬ್ಬಳು ಅಕ್ಕಿ ಆಯುವವಳು. ಕಸುಬು ಹೆಸರಿನ ಮುಂದೆಯೇ ನಿಂತಿದೆ. ನಡುವೆ ‘ಆದರೂ’ ಇಲ್ಲ.

ಲಕ್ಕಮ್ಮನ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಲಿಂಗಸುಗೂರಿನ ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಮಾರಯ್ಯ ಆಯ್ದು ತರುತ್ತಿದ್ದ, ಅದರಲ್ಲೇ ದಾಸೋಹ ನಡೆಯುತ್ತಿತ್ತು. ಒಂದು ದಿನ ಆತ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಒಲೆಯ ಮುಂದಿಂದ ಎದ್ದು ಬಂದು, ಇಷ್ಟು ನಮಗೇಕೆ, ತಂದಲ್ಲಿಯೇ ಹಾಕಿ ಬಾ ಎಂದಳು. ನಾವು ಈ ಕತೆಯನ್ನು ನಿರಾಸೆಯ ಕತೆ ಎಂದು, ಅಂದರೆ ಆಸೆಯನ್ನು ಗೆದ್ದವಳ ಕತೆ ಎಂದು ಮಕ್ಕಳಿಗೆ ಹೇಳುತ್ತೇವೆ.

ಹೇಳಿದ ಮೇಲೆ ಒಂದು ತೊಡಕು ಉಳಿಯುತ್ತದೆ. ಲಕ್ಕಮ್ಮನ ಮಾತನ್ನು ಇದ್ದಕ್ಕಿದ್ದಂತೆ ತೆಗೆದುಕೊಂಡರೆ ಯಾವ ಅಂಗಡಿಯೂ ನಡೆಯುವುದಿಲ್ಲ. ವ್ಯಾಪಾರ ಅಂದರೇ ನಾಳೆಗೆ ಇಂದೇ ಇಟ್ಟುಕೊಳ್ಳುವುದು. ಸುಗ್ಗಿಯಲ್ಲಿ ಜೋಳ ಕೊಂಡು ಮಳೆಗಾಲಕ್ಕೆ ತುಂಬಿಡದವಳು ಶ್ರಾವಣದಲ್ಲಿ ರೊಟ್ಟಿ ಮಾರಲಾರಳು. ಬಸವಣ್ಣ ಕೂಡ ಬಿಜ್ಜಳನ ಭಂಡಾರಿ, ಉಳಿತಾಯದ ಲೆಕ್ಕ ಇಡುವುದೇ ಆತನ ಕೆಲಸ. ಹಾಗಾದರೆ ಹೆಚ್ಚಿಗೆ ಇಟ್ಟುಕೊಳ್ಳುವ ಹೆಣ್ಣನ್ನು ಲಕ್ಕಮ್ಮನ ಸಾಲಿನಲ್ಲಿ ಕೂಡಿಸಲು ಬರುವುದೇ ಇಲ್ಲವೆ? ಅವಳ ಲಾಭವನ್ನು ದಾನದ ನೀರಿನಲ್ಲಿ ತೊಳೆದು ಒಳಗೆ ತೆಗೆದುಕೊಳ್ಳಬೇಕೆ?

ಇಲ್ಲಿ ನನಗೆ ನಮ್ಮ ಓಣಿಯ ಕಾಕು ನೆನಪಾಗುತ್ತಾರೆ. ಸಿಂದಗಿಯವರು. ಹೆಸರು ಹಾಕುವುದು ಬೇಡ ಎಂದು ಮನೆಯವರು ಹೇಳಿದ್ದಾರೆ, ಹಾಕುವುದಿಲ್ಲ. ಪಾಟಲಿಯೊಂದನ್ನು ಒತ್ತೆ ಇಟ್ಟು ಎರಡು ಚೀಲ ಜೋಳ ಕೊಂಡು ರೊಟ್ಟಿ ವ್ಯಾಪಾರ ಶುರು ಮಾಡಿದವರು. ಹದಿನೈದು ವರ್ಷದಲ್ಲಿ ಅವರ ಪಡಸಾಲೆಯಲ್ಲಿ ಹದಿನಾಲ್ಕು ಹೆಂಗಸರು ಬಡಿಯುತ್ತಿದ್ದರು. ಖಡಕ್ ರೊಟ್ಟಿ ಬಟ್ಟೆಯಲ್ಲಿ ಕಟ್ಟಿಸಿಕೊಂಡು ಸೊಲ್ಲಾಪುರದ ಬಸ್ಸು ಹತ್ತುತ್ತಿತ್ತು, ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ದಿನಾ ರಾತ್ರಿ ಕಿರ್ದಿ ಬರೆಯುತ್ತಿದ್ದರು. ನಾಲ್ಕನೆಯ ಇಯತ್ತೆ ಓದಿದ ಕೈ, ಅಕ್ಷರ ದುಂಡಗೆ, ಅಂಕಿ ಮಾತ್ರ ಸ್ವಚ್ಛ.

ಒಂದು ವರ್ಷ ಜಾತ್ರೆಯ ಕಮಿಟಿಯವರು ಬಂದು, ದಾಸೋಹಕ್ಕೆ ಎರಡು ಸಾವಿರ ರೊಟ್ಟಿ ಸೇವೆ ಮಾಡಿಕೊಡಿ, ಫಲಕದ ಮೇಲೆ ನಿಮ್ಮ ಹೆಸರು ಬರೆಸುತ್ತೇವೆ ಎಂದರು. ಕಾಕು ಹಿಟ್ಟು ಕೊಡಲು ಒಪ್ಪಿದರು. ಬಡಿಯುವವರ ಕೂಲಿ ಯಾರು ಕೊಡುತ್ತೀರಿ ಎಂದು ಕೇಳಿದರು. ದೇವರ ಕೆಲಸಕ್ಕೆ ಕೂಲಿಯೇ ಎಂದು ಅವರಿಗೆ ಆಶ್ಚರ್ಯ. ಕಾಕು ಹೇಳಿದ್ದು ನನಗೆ ಈಗಲೂ ಹಾಗೇ ಕೇಳಿಸುತ್ತದೆ: “ಸೇವಾ ಮಾಡೂದಿದ್ರ ನನ್ನ ಕೈಲೆ ಮಾಡ್ತೀನ್ರಿ. ಆ ಹೆಣ್ಮಕ್ಕಳ ರಟ್ಟಿ ಮುರದು ನನ್ನ ಹೆಸರು ಬರಸೂದು ಎಲ್ಲಿ ನ್ಯಾಯ?” ಕೊನೆಗೆ ಕೂಲಿಯನ್ನೂ ತಾವೇ ಕೊಟ್ಟರು, ದಿನದ ದರದಂತೆ, ಅದೇ ಸಂಜೆ. ರೊಟ್ಟಿ ಎರಡು ಸಾವಿರ ಆಗಲಿಲ್ಲ, ಏಳುನೂರು ಆಯಿತು. ಆ ವರ್ಷ ಊರಲ್ಲಿ ಅವರಿಗೆ ಜಿಪುಣಿ ಎಂಬ ಹೆಸರು ಬಂತು.

ಲಕ್ಕಮ್ಮನ ಅಕ್ಕಿಯನ್ನು ನಾನು ಬೇರೆ ರೀತಿ ಓದಲು ಕಲಿತದ್ದು ಆಗಿನಿಂದ. ಆಕೆ ಕೇಳಿದ್ದು ‘ಎಷ್ಟು’ ಎಂಬುದನ್ನು ಮಾತ್ರ ಅಲ್ಲ, ‘ಯಾರದು’ ಎಂಬುದನ್ನೂ. ನಮ್ಮ ದುಡಿಮೆಗೆ ದಕ್ಕಿದ್ದಕ್ಕಿಂತ ಹೆಚ್ಚಾಗಿದ್ದರೆ ಆ ಹೆಚ್ಚಿಗೆ ಎಲ್ಲಿಂದಲೋ ಬಂದಿದೆ. ಬೇರೆಯವರ ಅಂಗಳದಿಂದ ಬಂದಿದೆ, ಬೇರೆಯವರ ಪಾಲಿನಿಂದ ಬಂದಿದೆ. ಅದರಲ್ಲಿ ದಾಸೋಹ ಮಾಡಿದರೆ ದಾಸೋಹ ಮಾಡಿದವರು ನಾವಲ್ಲ, ಅದನ್ನು ಕಳೆದುಕೊಂಡವರು. ಹೀಗೆ ಓದಿದರೆ ಕಣಜದಲ್ಲಿ ಜೋಳ ತುಂಬಿಡುವವಳಿಗೂ ಲಕ್ಕಮ್ಮನಿಗೂ ಜಗಳವಿಲ್ಲ. ಜಗಳವಿರುವುದು ಕೂಲಿ ಹಿಡಿದಿಟ್ಟು ಅನ್ನಛತ್ರ ಕಟ್ಟುವವರ ಜೊತೆ. ಪಂಡಿತರು ಇದನ್ನು ಒಪ್ಪಲಿಕ್ಕಿಲ್ಲ. ಆದರೂ (ನನ್ನ ಬಾಯಲ್ಲೂ ಆ ಪದ ಬಂತು) ಈ ಓದಿಗೆ ಒಂದು ಲಾಭವಿದೆ: ವ್ಯಾಪಾರದ ಒಳ್ಳೆಯತನವನ್ನು ವ್ಯಾಪಾರದ ಒಳಗೇ ಹುಡುಕಬೇಕಾಗುತ್ತದೆ. ತೂಕದಲ್ಲಿ, ಕೂಲಿಯ ದಿನದಲ್ಲಿ, ಉದ್ರಿ ಕೊಡುವ ಮತ್ತು ಕೊಡದಿರುವ ವಿವೇಕದಲ್ಲಿ. ಸಂಜೆ ಕೊಟ್ಟ ಕೂಲಿ ಸೇವೆಯ ಖಾತೆಗೆ ಹೋಗುವುದಿಲ್ಲ, ಯಾವ ಫಲಕದಲ್ಲೂ ಬರುವುದಿಲ್ಲ. ಆ ಹದಿನಾಲ್ಕು ಮನೆಗಳಲ್ಲಿ ದೀಪ ಹಚ್ಚಿದ್ದು ಮಾತ್ರ ಅದೇ.

ಕಾಯಕದ ಮಾತನ್ನು ಕಚೇರಿಯ ಗೋಡೆಗಳ ಮೇಲೆ ಬರೆಸಿ ನಾವು ಅದಕ್ಕೊಂದು ದುರ್ಬಳಕೆಯನ್ನೂ ಕಲಿಸಿದ್ದೇವೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ದುಡಿಮೆಯೇ ದೇವರಾದರೆ ಸಂಬಳ ಯಾಕೆ ಎಂದು ಕೇಳುವ ಜಾಣರಿದ್ದಾರೆ. ಅಂಗನವಾಡಿಯಲ್ಲಿ, ಬಿಸಿಯೂಟದ ಅಡುಗೆಮನೆಯಲ್ಲಿ ದುಡಿಯುವವರಿಗೆ ಸಂಬಳವಲ್ಲ, ‘ಗೌರವಧನ’. ಮಾತು ಎಷ್ಟು ಗೌರವದ್ದೋ ಧನ ಅಷ್ಟು ಸಣ್ಣದು.

ಇನ್ನು ಮನೆ. ಹೋಲಿಕೆಗೆ ನಮ್ಮದೇ ಜಿಲ್ಲೆಯ ದೊಡ್ಡವರೊಬ್ಬರನ್ನು ನೆನೆಯುತ್ತೇನೆ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದರು. 1912ರಲ್ಲಿ ಸಿದ್ಧೇಶ್ವರ ಬ್ಯಾಂಕ್ ಕಟ್ಟಿದರು, 1923ರಲ್ಲಿ ‘ವಚನ ಶಾಸ್ತ್ರ ಸಾರ’ ತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು, ‘ಹಿತಚಿಂತಕ’ ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಅವರಿಲ್ಲದಿದ್ದರೆ ಮೇಲೆ ಹೇಳಿದ ರೆಮ್ಮವ್ವೆ, ಸೋಮವ್ವೆ, ಲಕ್ಕಮ್ಮ ಎಷ್ಟೋ ಕಾಲ ತಾಳೆಗರಿಯ ಕಟ್ಟಿನಲ್ಲೇ ಮಲಗಿರುತ್ತಿದ್ದರು. ಈ ಋಣ ತೀರುವಂಥದ್ದಲ್ಲ. ಆದರೆ ಅವರನ್ನು ನೆನೆಯುವಾಗ ಯಾರೂ ‘ಇಷ್ಟೆಲ್ಲ ಮಾಡಿದರೂ ಮನೆ ಮರೆಯಲಿಲ್ಲ’ ಎನ್ನುವುದಿಲ್ಲ. ಮನೆ ಮಾರಿದ್ದನ್ನೇ ತ್ಯಾಗ ಎನ್ನುತ್ತೇವೆ. ಸರಿಯಾಗಿಯೇ ಇದೆ. ಒಬ್ಬ ಹೆಣ್ಣುಮಗಳು ಅಚ್ಚಿನ ಯಂತ್ರಕ್ಕಾಗಿ ಮನೆ ಮಾರಿದ್ದರೆ ನಮ್ಮ ಊರಿನ ಕಟ್ಟೆಯ ಮೇಲೆ ಏನು ಮಾತಾಗುತ್ತಿತ್ತು ಎಂದು ಕಲ್ಪಿಸಿಕೊಳ್ಳಲು ಹೆಚ್ಚು ಕಷ್ಟಪಡಬೇಕಿಲ್ಲ.

ಮಾರಲಿಕ್ಕಾದರೂ ಅವಳ ಹೆಸರಿನಲ್ಲಿ ಮನೆ ಇರಬೇಕಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಎಂದು ಕರ್ನಾಟಕ ಕಾನೂನು ತಿದ್ದಿದ್ದು 1994ರಲ್ಲಿ, ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಅದಕ್ಕೂ ಮುಂಚೆ, ಅದಾದ ಮೇಲೂ, ನಮ್ಮ ಕಡೆ ಹೆಣ್ಣಿನ ಬಂಡವಾಳ ಎಂದರೆ ಕೊರಳಿನ ಬೋರಮಾಳ, ಕೈಯ ಪಾಟಲಿ. ಗಡಿಯಾಚೆ ಸಾತಾರಾ ಜಿಲ್ಲೆಯ ಮ್ಹಸವಡದಲ್ಲಿ ಚೇತನಾ ಸಿನ್ಹಾ ಹೆಂಗಸರ ಬ್ಯಾಂಕ್ ತೆರೆಯಲು ಹೊರಟಾಗ ರಿಸರ್ವ್ ಬ್ಯಾಂಕ್ ಮೊದಲು ಪರವಾನಗಿ ಕೊಡಲಿಲ್ಲ. ಅರ್ಜಿ ಹಾಕಿದವರಲ್ಲಿ ಹಲವರು ಹೆಬ್ಬೆಟ್ಟಿನವರು. ಆ ಹೆಂಗಸರು ಓದು ಕಲಿತು ಮತ್ತೆ ಹೋದರು. ನಮಗೆ ಓದಲು ಬಾರದಿರಬಹುದು, ಬಡ್ಡಿ ಲೆಕ್ಕ ಹೇಳಿ, ನಿಮ್ಮ ಅಧಿಕಾರಿಗಳು ಯಂತ್ರ ಹಿಡಿಯದೆ ಮಾಡಲಿ, ಯಾರು ಮೊದಲು ಮುಗಿಸುತ್ತಾರೆ ನೋಡೋಣ ಎಂದರು ಎಂಬುದು ಸಿನ್ಹಾ ಹೇಳುತ್ತ ಬಂದ ಕತೆ. 1997ರಲ್ಲಿ ಮಾಣದೇಶಿ ಬ್ಯಾಂಕ್ ಶುರುವಾಯಿತು. ಕಾಕುಗೆ ಈ ಕತೆ ಹೇಳಿದಾಗ ಅವರು ನಗಲಿಲ್ಲ. “ಬಡ್ಡಿ ಎಷ್ಟ್ ಹಚ್ತಾರ?” ಎಂದು ಕೇಳಿದರು.

ಮನೆಯ ಬಗ್ಗೆ ಹೇಳುವಾಗ ಹೊಗಳಿಕೆಯ ಇನ್ನೊಂದು ಅನ್ಯಾಯವೂ ಕಾಣುತ್ತದೆ. ಎಲ್ಲವನ್ನೂ ಸರಿದೂಗಿಸಿದಳು ಎನ್ನುತ್ತೇವೆ. ಯಾರೂ ಎಲ್ಲವನ್ನೂ ಸರಿದೂಗಿಸುವುದಿಲ್ಲ. ದಿನಕ್ಕೆ ಇಪ್ಪತ್ನಾಲ್ಕೇ ತಾಸು, ಬೆಳಗಿನ ನಾಲ್ಕಕ್ಕೆ ಒಲೆ ಹೊತ್ತಿಸಿದವಳಿಗೆ ರಾತ್ರಿ ಮಗುವಿಗೆ ಕತೆ ಹೇಳುವಷ್ಟು ಕಸುವು ಉಳಿದಿರುವುದಿಲ್ಲ. ಕಾಕುವಿನ ಮಗಳು ಈಗ ಶಿಕ್ಷಕಿ. ನುಡಿನಮನದಲ್ಲಿ ಮಾತಾಡಲಿಲ್ಲ. ಆಮೇಲೆ ಪಡಸಾಲೆಯಲ್ಲಿ ಕೂತಾಗ ಹೇಳಿದಳು: “ಅವ್ವ ನಮಗ ಸಿಗ್ತಿದ್ದದ್ದು ರಾತ್ರಿ ಲೆಕ್ಕಾ ಬರಿಯೂ ಮುಂದ ಅಷ್ಟ. ಅದಕ್ಕ ನಾ ಅಂಕಿ ಹೇಳಾಕ ಕೂಡ್ತಿದ್ದೆ.” ಇದರಲ್ಲಿ ದೂರು ಇತ್ತು. ಪ್ರೀತಿಯೂ ಇತ್ತು. ಒಂದನ್ನು ಅಳಿಸಿ ಇನ್ನೊಂದನ್ನು ಮಾತ್ರ ಬರೆದರೆ ಅದು ಕಾಕುವಿನ ನೆನಪಲ್ಲ, ಫ್ಲೆಕ್ಸ್ ಅಂಗಡಿಯ ನೆನಪು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂಬ ಶಿಷ್ಟಾಚಾರ ನನಗೆ ಗೊತ್ತು. ಆದರೆ ಆದರ್ಶ ಗೃಹಿಣಿ ಎಂದು ಕರೆದಾಗ ಆ ಹುಡುಗಿ ಕಾದು ಕೂತ ರಾತ್ರಿಗಳನ್ನೂ, ಕಾಕು ಆ ರಾತ್ರಿಗಳಲ್ಲಿ ಮಾಡಿದ ಆಯ್ಕೆಯನ್ನೂ ಒಟ್ಟಿಗೆ ಅಳಿಸುತ್ತೇವೆ. ಆಕೆ ಆಯ್ಕೆ ಮಾಡಿದ್ದಳು. ಆಯ್ಕೆಗೆ ಬೆಲೆ ಇತ್ತು, ಆ ಬೆಲೆಯಲ್ಲಿ ಒಂದು ಪಾಲನ್ನು ಮಗಳು ತೆತ್ತಳು. ಆ ಮಗಳ ಕಾಲೇಜಿನ ಫೀಸು ಬಂದದ್ದೂ ಅದೇ ರೊಟ್ಟಿಯಿಂದ. ಈ ಎರಡನ್ನು ತಕ್ಕಡಿಗೆ ಹಾಕಿ ಯಾವುದು ಭಾರ ಎಂದು ಹೇಳುವ ಅಧಿಕಾರ ಮಗಳಿಗಿದೆ, ನನಗಿಲ್ಲ.

ಹಲಸಂಗಿಯ ಗೆಳೆಯರು ಭೀಮಾತೀರದ ಹೆಂಗಸರ ಬಾಯಿಂದ ಹಾಡು ಸಂಗ್ರಹಿಸಿ ‘ಗರತಿಯ ಹಾಡು’ ಎಂದು ಹೆಸರಿಟ್ಟರು. ಅದೂ ಇಂಡಿಯ ಸೀಮೆಯ ಕೆಲಸವೇ. ಪುಸ್ತಕವನ್ನು ನಾನು ಬಹಳ ಪ್ರೀತಿಸುತ್ತೇನೆ, ಹೆಸರಿನ ಬಗ್ಗೆ ಮಾತ್ರ ಎಷ್ಟೋ ಸಲ ಯೋಚಿಸಿದ್ದೇನೆ. ಬೀಸುವಾಗ, ಕುಟ್ಟುವಾಗ ಹುಟ್ಟಿದ ಹಾಡುಗಳು ಅವು, ದುಡಿಮೆಯ ಹಾಡುಗಳು. ಬೀಸುವವಳ ಹಾಡು ಎನ್ನಬಹುದಿತ್ತು. ಗರತಿ ಎಂದ ಕೂಡಲೇ ಕಲ್ಲು ಹಿಂದೆ ಸರಿದು ಕುಂಕುಮ ಮುಂದೆ ಬರುತ್ತದೆ. ಇಟ್ಟವರ ಮೇಲೆ ನನಗೆ ಆಕ್ಷೇಪವಿಲ್ಲ, ಅವರ ಕಾಲಕ್ಕೆ ಅದು ಗೌರವದ ದೊಡ್ಡ ಮಾತು, ಹೆಣ್ಣುಮಕ್ಕಳ ಹಾಡನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂಡಿಸಲು ಬೇಕಾಗಿದ್ದ ಮಣೆ. ಆ ಮಣೆಯನ್ನು ನಾವು ಇನ್ನೂ ಎತ್ತಿಲ್ಲ ಎಂಬುದೇ ನನ್ನ ತಕರಾರು. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಮಣ್ಣಿನ ಹೆಸರು ಹಣ್ಣಿನ ಮೇಲೆ ಬಂದಿದೆ. ಕೈಯ ಹೆಸರು ಬರುವುದು ಇನ್ನೂ ಬಾಕಿ.

ಕಾಕು ಹೋದ ಮೇಲೆ ಅವರ ಕಿರ್ದಿ ಪುಸ್ತಕಗಳು ಸಿಕ್ಕವು. ಕೊನೆಯ ಪುಸ್ತಕದಲ್ಲಿ ಉದ್ರಿಯ ಬಾಕಿ ಮೂವತ್ತೊಂದು ಹೆಸರು. ಕೆಲವರು ಖಾನಾವಳಿಯವರು, ಕೆಲವರು ಓಣಿಯ ಬಡವರು, ಇಬ್ಬರು ಜಾತ್ರೆ ಕಮಿಟಿಯವರು. ದೊಡ್ಡ ಮಗ ಎಲ್ಲವನ್ನೂ ಹೊಡೆದುಹಾಕೋಣ, ಅವ್ವನ ಹೆಸರಿನಲ್ಲಿ ಪುಣ್ಯ ಬರಲಿ ಎಂದ. ಮಗಳು ಒಪ್ಪಲಿಲ್ಲ. ಅವ್ವ ಬಿಡಬೇಕೆಂದಿದ್ದವರ ಹೆಸರನ್ನು ತಾನೇ ಬಿಟ್ಟಿದ್ದಾಳೆ ಎಂದಳು. ಹಿಂದಿನ ಪುಟಗಳನ್ನು ತಿರುವಿ ತೋರಿಸಿದಳು. ನಿಜ, ಅಲ್ಲಲ್ಲಿ ಹೆಸರಿನ ಮೇಲೆ ಒಂದು ತೆಳ್ಳಗಿನ ಗೀಟು, ಮೊತ್ತದ ಜಾಗದಲ್ಲಿ ಸೊನ್ನೆ, ಯಾಕೆ ಎಂದು ಎಲ್ಲೂ ಬರೆದಿರಲಿಲ್ಲ. ಉಳಿದ ಮೂವತ್ತೊಂದಕ್ಕೆ ಗೀಟು ಇರಲಿಲ್ಲ.

ಮುಂದಿನ ರವಿವಾರದಿಂದ ಆಕೆ ಪುಸ್ತಕ ಹಿಡಿದು ಒಬ್ಬೊಬ್ಬರ ಮನೆಗೆ ಹೋಗತೊಡಗಿದಳು. ಮೊದಲು ಹೋದದ್ದು ಕಮಿಟಿಯವರಲ್ಲಿಗೆ.