ಅಳಿಸದೆ ಉಳಿದ ತೊದಲು

ಅಮೆರಿಕದ ಸ್ಟೀಲಿ ಡ್ಯಾನ್ ರಾಕ್ ತಂಡದ ಡೊನಾಲ್ಡ್ ಫೇಗನ್, ವಾಲ್ಟರ್ ಬೆಕರ್ ಇಬ್ಬರಿಗೂ ಆಗ ವೇದಿಕೆಗಿಂತ ಸ್ಟುಡಿಯೋ ಪ್ರಿಯವಾಗಿತ್ತು. 1974ರ ಜುಲೈನಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾದಲ್ಲಿ ನುಡಿಸಿದ ಮೇಲೆ, 1993ರವರೆಗೆ ತಂಡ ಕಚೇರಿ ಪ್ರವಾಸಕ್ಕೆ ಹೊರಡಲೇ ಇಲ್ಲ. 1977ರ ‘ಪೆಗ್’ ಹಾಡಿನಲ್ಲಿ ಗಿಟಾರಿನ ಒಂದು ತುಣುಕಿಗಾಗಿ ಒಬ್ಬರಾದ ಮೇಲೊಬ್ಬರಂತೆ ಹಲವು ವಾದಕರನ್ನು ಕರೆಸಿ, ಕೊನೆಗೆ ಜೇ ಗ್ರೇಡನ್ ನುಡಿಸಿದ್ದನ್ನು ಇಟ್ಟುಕೊಂಡರು. ಮನಸ್ಸಿಗೆ ಒಪ್ಪದ್ದನ್ನು ತೆಗೆದುಹಾಕುವ ಹಕ್ಕು ಕಲಾವಿದನಿಗೆ ಇಲ್ಲವೆನ್ನಲಾದೀತೆ?

ಆ ಸಾಂಟಾ ಮೋನಿಕಾದ ದಿನಗಳಿಂದ ‘ಬೋಧಿಸತ್ವ’ ಎಂಬ ಹಾಡೊಂದು, ಸಭಿಕರ ಗದ್ದಲದೊಡನೆ, ಉಳಿದುಬಂದಿದೆ. 1980ರಲ್ಲಿ ‘ಹೇ ನೈನ್‌ಟೀನ್’ ತಟ್ಟೆಯ ಹಿಂಬದಿಯಲ್ಲಿ ಅದು ತಂಡದ ಹೆಸರಿನಲ್ಲೇ ಹೊರಬಂತು. ಅಪರೂಪದ ವಸ್ತು. ಹಾಡಿಗೆ ಮೊದಲು ತಂಡವನ್ನು ಪರಿಚಯಿಸಲು ನಿಂತಾತ ಅಮಲಿನಲ್ಲಿ ತೊದಲುತ್ತ, ಎಲ್ಲಿಂದಲೋ ಎಲ್ಲಿಗೋ ಹೋಗುತ್ತಾನೆ. ಸಭೆ ಕೂಗುತ್ತದೆ, ಅವನು ನಿಲ್ಲಿಸುವುದಿಲ್ಲ. ಕೇಳಿ ನಗದಿರುವುದು ಕಷ್ಟ.

ತಮ್ಮದೊಂದು ಅಪಸ್ವರವೂ ಹೊರಗೆ ಹೋಗಬಾರದೆಂದವರು ಇನ್ನೊಬ್ಬನ ತೊದಲನ್ನೇಕೆ ಕತ್ತರಿಸಲಿಲ್ಲ? ತಮಾಷೆಗಿರಬಹುದು; ಪ್ರೀತಿಯೂ ಇದ್ದೀತು. ವೇದಿಕೆಯ ತಪ್ಪಿಗೆ ಒಂದು ಸೌಭಾಗ್ಯವುಂಟು: ಸಭೆ ಎದ್ದರೆ ಅದೂ ಎದ್ದುಹೋಗುತ್ತದೆ. ಯಂತ್ರ ಅದನ್ನು ಹಿಡಿದಿಟ್ಟುಕೊಂಡಿತು. ಹತ್ತು ಸಲ ನುಡಿಸಿ ಒಂದನ್ನು ಆರಿಸಿಕೊಳ್ಳುವ ಅನುಕೂಲ ಇವರಿಗಿತ್ತು. ಆತನಿಗೆ ಆ ರಾತ್ರಿ ಮೈಕಿನ ಮುಂದೆ ಸಿಕ್ಕಿದ್ದು ಒಂದೇ ಸಲ.

ಅವನನ್ನು ಕತ್ತರಿಸಿದ್ದರೆ ಆ ಕಚೇರಿಯ ಜೀವವೇ ಹೋಗುತ್ತಿತ್ತು ಎಂದು ರಸಿಕರು ವಾದಿಸಿಯಾರು. ಹಾಡಿನ ಮಟ್ಟಿಗೆ ಅದು ಸರಿ. ಆದರೆ ಹಾಗೆ ಹೇಳಬೇಕಾದವರು ನಾವಲ್ಲ, ಆತ.