ಹಿರಿಯರಿಗೆ ಕುರ್ಚಿ ಕೊಟ್ಟರೆ ಸಾಕೇ?

ಹಿರಿಯರು ಬಂದರೆ ನಾವು ಎದ್ದು ನಿಂತು ಸಲಾಮ್ ಹೇಳುತ್ತೇವೆ, ಒಳ್ಳೆಯ ಜಾಗದಲ್ಲಿ ಕೂರಿಸುತ್ತೇವೆ. ಆದರೆ ಜಮಾಅತಿನ ಅಥವಾ ಊರಿನ ವಿಷಯ ಚರ್ಚೆಗೆ ಬಂದೊಡನೆ, “ಈ ವಯಸ್ಸಿನಲ್ಲಿ ನಿಮಗೇಕೆ ಈ ತಲೆನೋವು? ಆರಾಮವಾಗಿರಿ” ಎನ್ನುತ್ತೇವೆ. ಇದನ್ನೂ ಗೌರವವೆಂದೇ ಭಾವಿಸಿದ್ದೇವೆ. ಇದು ನಿಜಕ್ಕೂ ಗೌರವವೇ?

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಬಳ್ಳಾರಿ ನಗರದ ನಮ್ಮ ಮೊಹಲ್ಲಾದ ಮಸ್ಜಿದಿನಲ್ಲಿ ವುಝೂ ಮಾಡುವ ಜಾಗವನ್ನು ಹೊಸದಾಗಿ ಕಟ್ಟಿಸಿದಾಗ ಸಮಿತಿಯಲ್ಲಿ ನಾನೂ ಇದ್ದೆ. ಎಲ್ಲರೂ ಯುವಕರೇ. ನುಣುಪಾದ ಟೈಲ್ಸ್ ಹಾಕಿಸಿದೆವು. ಕೂರುವ ಕಟ್ಟೆಗಳನ್ನು ತಗ್ಗಾಗಿ ಕಟ್ಟಿಸಿದೆವು. ನೋಡಿದವರೆಲ್ಲ ಮೆಚ್ಚಿದರು. ಕೆಲವೇ ದಿನಗಳಲ್ಲಿ, ಸದಾ ಮೊದಲ ಸಫ್‌ನಲ್ಲಿರುತ್ತಿದ್ದ ಹಿರಿಯರೊಬ್ಬರು ಫಜ್ರ್ ನಮಾಝಿಗೆ ಕಾಣದಾದರು. ಮನೆಗೆ ಹೋಗಿ ವಿಚಾರಿಸಿದೆ. “ಆ ಕಟ್ಟೆಯಿಂದ ಏಳಲು ಮೊಣಕಾಲು ಕೇಳುವುದಿಲ್ಲ ಮೌಲ್ವಿ ಸಾಬ್, ನೆಲವೂ ಜಾರುತ್ತದೆ. ನೀವು ಕೇಳಿದ್ದರೆ ಮೊದಲೇ ಹೇಳುತ್ತಿದ್ದೆ” ಎಂದರು. ಅವರಿಗೆ ಎಷ್ಟೋ ಸಲ ಕುರ್ಚಿ ಹಾಕಿಕೊಟ್ಟವನು ನಾನೇ. ಒಂದು ಮಾತು ಕೇಳದೆ ಹೋದವನೂ ನಾನೇ.

ವೃದ್ಧ ತಂದೆತಾಯಿಯರ ಮುಂದೆ ಬೇಸರದ ಒಂದು ಉದ್ಗಾರವನ್ನೂ ತೆಗೆಯಬಾರದೆಂದು ಕುರ್‌ಆನ್ ಕಲಿಸುತ್ತದೆ. ಪರಸ್ಪರ ಸಮಾಲೋಚನೆಯಿಂದ ಕಾರ್ಯ ನಡೆಸುವವರನ್ನೂ ಅದು ಪ್ರಶಂಸಿಸುತ್ತದೆ. ಆ ಅಧ್ಯಾಯದ ಹೆಸರೇ ಅಶ್ಶೂರಾ. ಉಮರ್(ರ)ರ ಸಲಹಾ ಸಭೆಯಲ್ಲಿ ಹಿರಿಯರೂ ಇದ್ದರು, ಕಿರಿಯರೂ ಇದ್ದರು. ಅವರು ಖಲೀಫರಾಗಿದ್ದಾಗ ವೃದ್ಧೆ ಖೌಲಾ(ರ) ಅವರನ್ನು ದಾರಿಯಲ್ಲೇ ನಿಲ್ಲಿಸಿ ಉಪದೇಶಿಸಿದರೆಂದೂ, ಜೊತೆಗಿದ್ದವರು ಚಡಪಡಿಸಿದರೂ ಉಮರ್(ರ) ತಾಳ್ಮೆಯಿಂದ ಆಲಿಸಿದರೆಂದೂ ವರದಿಯಾಗಿದೆ.

ನಮ್ಮ ಕಾಲದ, ನಮ್ಮದೇ ಸೀಮೆಯ ಉದಾಹರಣೆ ನೋಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಸಿರುಗುಪ್ಪ, ಕುರುಗೋಡು ಭಾಗದ ರೈತರು ಆ ಅಣೆಕಟ್ಟಿನ ಕಾಲುವೆ ನೀರನ್ನೇ ನಂಬಿದವರು. ತುಂಬಿದ ಜಲಾಶಯ ಕಣ್ಣೆದುರೇ ಬರಿದಾಗತೊಡಗಿದಾಗ ಕರೆ ಹೋದದ್ದು ಯಾರಿಗೆ? ಎಪ್ಪತ್ತು ದಾಟಿದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರಿಗೆ. ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆ ಇಳಿಸಿ ಒಂದು ವಾರದೊಳಗೆ ನೀರನ್ನು ನಿಲ್ಲಿಸಲಾಯಿತು. ಕಬ್ಬಿಣ ಇಳಿಸಿದ್ದು ಎಳೆಯರ ತೋಳು. ದಾರಿ ತೋರಿದ್ದು ಹಿರಿಯರ ಅನುಭವ.

ಹಾಗಾದರೆ ಹಿರಿಯರು ಹೇಳಿದ್ದೆಲ್ಲ ಸರಿಯೇ? ಅಲ್ಲ. ಕೇಳುವುದು ಬೇರೆ, ಒಪ್ಪುವುದು ಬೇರೆ. “ನಮ್ಮ ಕಾಲದಲ್ಲಿ ಹೀಗಿರಲಿಲ್ಲ” ಎಂಬ ಒಂದೇ ಮಾತಿನಿಂದ ಹೊಸದನ್ನೆಲ್ಲ ತಡೆಯುವುದು ಸಲಹೆಯಲ್ಲ. ಹಿರಿಯರೇ, ನಿಮ್ಮ ಅನುಭವ ಅಲ್ಲಾಹನು ನಿಮ್ಮಲ್ಲಿಟ್ಟ ಅಮಾನತ್. ಅದನ್ನು ಅಧಿಕಾರವೆಂದು ಚಲಾಯಿಸಬೇಡಿ; ಬೇಸರಗೊಂಡು ಬಚ್ಚಿಡಲೂ ಬೇಡಿ.

ಕಿರಿಯರೇ, ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಮುಂದಿನ ಸಭೆಗೆ ನಿಮ್ಮ ದಾದಾ, ನಾನಿಯರನ್ನೂ ಕರೆದೊಯ್ಯಿರಿ. ಚರಂಡಿ, ಬೀದಿದೀಪ, ಪಿಂಚಣಿ, ಆಸ್ಪತ್ರೆಯ ಸರದಿ ಇವುಗಳ ಕಷ್ಟ ಅವರಷ್ಟು ಯಾರಿಗೆ ಗೊತ್ತು? ನಗರದಲ್ಲಿರುವವರು ವಾರ್ಡಿನ ಸದಸ್ಯರ ಬಳಿ ಹೋಗುವಾಗ ಅವರನ್ನು ಮುಂದಿಟ್ಟುಕೊಂಡು ಹೋಗಿ.

ನಮ್ಮ ಮಸ್ಜಿದಿನ ಕಟ್ಟೆಗಳನ್ನು ಈಗ ಎತ್ತರಿಸಲಾಗಿದೆ, ಗೋಡೆಗೆ ಹಿಡಿಕೆಯೂ ಬಂದಿದೆ. ಎಷ್ಟು ಎತ್ತರವಿರಬೇಕೆಂದು ಹೇಳಿದವರು ಆ ಹಿರಿಯರೇ. ಅಲ್ಹಮ್ದುಲಿಲ್ಲಾಹ್, ಅವರು ಮತ್ತೆ ಮೊದಲ ಸಫ್‌ನಲ್ಲಿದ್ದಾರೆ. ಇಂದು ನಿಮ್ಮ ಮನೆಯ ಹಿರಿಯರಿಗೆ ಕುರ್ಚಿ ಕೊಡಿ. ಪಕ್ಕದಲ್ಲಿ ಕುಳಿತು ಅವರ ಅಭಿಪ್ರಾಯವನ್ನೂ ಕೇಳಿ. ಬದುಕಿದ್ದರೆ ನಾಳೆ ಆ ಕುರ್ಚಿ ನಮ್ಮದೇ.